ದೂರದ ಜಮೀನಿಗೆ ಹಳೆಯ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ವಿಚಾರಿಸಬೇಕಾದ ಸಂಗತಿಗಳು

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಎಷ್ಟೋ ಕುಟುಂಬಗಳಿಗೆ ಜಮೀನು ಊರಿನಲ್ಲಿದೆ, ದುಡಿಮೆ ಬೆಂಗಳೂರು, ಹೈದರಾಬಾದ್ ಅಥವಾ ಪುಣೆಯಲ್ಲಿದೆ. ಬಿತ್ತನೆಗೆ, ರಾಶಿಗೆ, ಜಾತ್ರೆಗೆ ಬಂದು ಹೋಗುವ ಇಂಥ ರೈತ ಬಾಂಧವರು ಹಳೆಯ ಟ್ರ್ಯಾಕ್ಟರ್ ಒಂದನ್ನು ಕೊಂಡು ಮನೆಯ ಮುಂದೆ ನಿಲ್ಲಿಸಲು ಬಯಸುವುದು ಸಹಜ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ದಿನವೂ ದುಡಿಯುವ ಟ್ರ್ಯಾಕ್ಟರ್ ಸವೆಯುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರ್ ಕೆಡುತ್ತದೆ. ಆದ್ದರಿಂದ ದೂರದ ಜಮೀನಿಗೆ ಟ್ರ್ಯಾಕ್ಟರ್ ಆರಿಸುವ ಕ್ರಮವೇ ಬೇರೆ.

ಮೊದಲು ಗಂಟೆಗಳ ಲೆಕ್ಕ

ನಿಮಗೆ 12 ಎಕರೆ ಎರೆ ಭೂಮಿಯಿದ್ದು, ತೊಗರಿ ಮತ್ತು ಹತ್ತಿ ಬೆಳೆಯುತ್ತೀರಿ ಎಂದು ಭಾವಿಸೋಣ. 9 ಹಲ್ಲಿನ ಕಲ್ಟಿವೇಟರ್ ಗಂಟೆಗೆ ಸುಮಾರು ಒಂದೂವರೆ ಎಕರೆ ಸಾಗುತ್ತದೆ; ಎರಡು ಸಲ ಹೊಡೆಯಲು 16 ಗಂಟೆ. ಎರಡು ಫಾಳದ ನೇಗಿಲಿನಿಂದ ಆಳವಾಗಿ ಉಳಲು ಎಕರೆಗೆ 2 ಗಂಟೆಗೂ ಮಿಗಿಲು. ಒಟ್ಟು 26 ಗಂಟೆ. ಬಿತ್ತನೆ, ಗೊಬ್ಬರ ಮತ್ತು ಫಸಲಿನ ಸಾಗಣೆ ಸೇರಿಸಿದರೂ ವರ್ಷಕ್ಕೆ 70 ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

ಈಗ ಖರ್ಚನ್ನು ನೋಡಿ. ಉದಾಹರಣೆಗೆ, 3,00,000 ರೂಪಾಯಿಗೆ ಕೊಂಡು 8 ವರ್ಷಗಳ ನಂತರ 1,00,000ಕ್ಕೆ ಮಾರಿದರೆ ವರ್ಷಕ್ಕೆ 25,000 ಸವಕಳಿ. ಸರಾಸರಿ 2,00,000 ರೂಪಾಯಿಗೆ ಶೇಕಡಾ 10ರಂತೆ ಬಡ್ಡಿ 20,000. ವಿಮೆ, ಬ್ಯಾಟರಿ, ಟಯರು, ರಿಪೇರಿಗೆಂದು 15,000 ಹಿಡಿಯಿರಿ. ಒಟ್ಟು 60,000 ರೂಪಾಯಿ. ಇದನ್ನು 70 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 857 ರೂಪಾಯಿ. ಡೀಸೆಲ್ ಮತ್ತು ಚಾಲಕನ ಕೂಲಿ ಇದರ ಮೇಲೆ. ಅದೇ ಟ್ರ್ಯಾಕ್ಟರ್ 300 ಗಂಟೆ ದುಡಿದರೆ ಗಂಟೆಗೆ 200 ರೂಪಾಯಿ ಮಾತ್ರ.

ನಿಮ್ಮ ಊರಿನ ಬಾಡಿಗೆ ದರವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ತೂಗಿ ನೋಡಿರಿ. ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರ ಸಮೀಪದಲ್ಲಿದ್ದರೆ ಅಲ್ಲಿಯ ದರವನ್ನೂ ವಿಚಾರಿಸಿರಿ. ಬಾಡಿಗೆಯ ಒಂದು ದೋಷವನ್ನೂ ಹೇಳಬೇಕು. ಎರೆ ಭೂಮಿಯ ಹದ ಕೆಲವೇ ದಿನ ನಿಲ್ಲುತ್ತದೆ. ಆ ದಿನಗಳಲ್ಲಿ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು. ಸ್ವಂತ ಟ್ರ್ಯಾಕ್ಟರಿನ ನಿಜವಾದ ಲಾಭ ಹದಕ್ಕೆ ಸರಿಯಾಗಿ ಹೊಲಕ್ಕಿಳಿಯುವುದು. ಆದರೆ ಹದ ಬಂದ ದಿನ ನೀವು ಊರಿನಲ್ಲಿರುತ್ತೀರಾ? ಇಲ್ಲವಾದರೆ ಅದನ್ನು ನಡೆಸುವ ನಂಬಿಕೆಯ ಮನುಷ್ಯ ಇದ್ದಾನೆಯೇ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಕೊಳ್ಳದಿರುವುದೇ ಲೇಸು. ರಜೆ ಸಿಕ್ಕಿತೆಂದು ಹಸಿ ಎರೆಯಲ್ಲಿ ಟ್ರ್ಯಾಕ್ಟರ್ ಇಳಿಸಿದರೆ ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಯ ಬೇರಿಗೇ ತೊಂದರೆ.

ಎಂಥ ಟ್ರ್ಯಾಕ್ಟರ್?

ಇಂಥ ಜಮೀನಿಗೆ 35ರಿಂದ 45 ಅಶ್ವಶಕ್ತಿ ಸಾಕು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಹೆಚ್ಚು. ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಕೈಯಿಂದ ಆಗದು. ಕಡಿಮೆ ಶಕ್ತಿಯ, ಸಾದಾ ಡೀಸೆಲ್ ಪಂಪಿನ ಯಂತ್ರವೇ ನಿಮಗೆ ಅನುಕೂಲ.

ಕಂಪನಿಯ ಹೆಸರಿಗಿಂತ ಬಿಡಿಭಾಗ ಮುಖ್ಯ. ಶಹಾಪುರ, ಸುರಪುರ ಅಥವಾ ಯಾದಗಿರಿಯ ಅಂಗಡಿಗೆ ಮೊದಲೇ ಹೋಗಿ ಕ್ಲಚ್ ಪ್ಲೇಟ್, ಡೀಸೆಲ್ ಫಿಲ್ಟರ್, ನೀರಿನ ಪಂಪು ಆ ಮಾದರಿಗೆ ಸಿಗುತ್ತವೆಯೇ ಎಂದು ಕೇಳಿರಿ. ಎಚ್.ಎಂ.ಟಿ. ಟ್ರ್ಯಾಕ್ಟರ್ ಗಟ್ಟಿಯೆಂದು ಹೆಸರು ಪಡೆದಿತ್ತು. ಆದರೆ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಇಂಥ ಯಂತ್ರ ಅಗ್ಗಕ್ಕೆ ಬಂದರೂ ಈ ವಿಚಾರಣೆ ಮಾಡದೆ ಮುಂಗಡ ಕೊಡಬಾರದು.

ಎಲ್ಲಿ ದುಡಿದದ್ದು?

ಗಂಟೆ ತೋರಿಸುವ ಮೀಟರನ್ನು ಬಿಚ್ಚಿ ಬದಲಿಸುವುದು ಕಷ್ಟವಲ್ಲ. ಅದಕ್ಕಿಂತ ಪೆಡಲಿನ ಸವೆತ, ಸ್ಟೀರಿಂಗಿನ ಸಡಿಲು, ಹಿಂದಿನ ಹುಕ್ಕಿನ ರಂಧ್ರ ಹೆಚ್ಚು ಸತ್ಯ ಹೇಳುತ್ತವೆ. ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಟ್ರ್ಯಾಕ್ಟರ್ ಮರಳು, ಇಟ್ಟಿಗೆ, ಕಬ್ಬಿನಂಥ ಭಾರ ಎಳೆದದ್ದು.

ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದಲ್ಲಿ ಭತ್ತದ ಗದ್ದೆಗಳಿವೆ. ಅಲ್ಲಿ ಕೇಜ್ ವೀಲ್ ಹಾಕಿ ಕೆಸರಿನಲ್ಲಿ ದುಡಿದ ಯಂತ್ರವಾದರೆ ಇನ್ನಷ್ಟು ಎಚ್ಚರ ಬೇಕು. ಹಿಂದಿನ ಆಕ್ಸಲ್ಲಿನ ಸೀಲುಗಳ ಮೂಲಕ ಕೆಸರುನೀರು ಒಳಸೇರಿ ಬೇರಿಂಗು, ಬ್ರೇಕುಗಳನ್ನು ಹಾಳುಮಾಡುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಸ್ವಲ್ಪ ತೆಗೆಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಪರೀಕ್ಷೆ ತಣ್ಣಗಿರುವಾಗಲೇ

ಬೆಳಿಗ್ಗೆ ಬೇಗ ಹೋಗಿರಿ. ನೀವು ಬರುವ ಮೊದಲು ಇಂಜಿನ್ ಚಾಲು ಮಾಡಬಾರದೆಂದು ತಿಳಿಸಿರಿ. ಹೋದೊಡನೆ ಇಂಜಿನ್ನನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದು ಒಳ್ಳೆಯದು. ನಿಮ್ಮ ಟ್ರ್ಯಾಕ್ಟರ್ ಮುಂದೆ ತಿಂಗಳುಗಟ್ಟಲೆ ನಿಂತು, ತಣ್ಣಗಿರುವಾಗಲೇ ಚಾಲು ಆಗಬೇಕಾಗಿದೆ. ಆದ್ದರಿಂದ ಈ ಪರೀಕ್ಷೆಯೇ ಪ್ರಧಾನ.

1. ರೇಡಿಯೇಟರಿನ ಮುಚ್ಚಳ ತೆರೆದು ನೀರಿನ ಮೇಲೆ ಎಣ್ಣೆಯ ಪದರವಿದೆಯೇ ನೋಡಿ. ಬಿಸಿಯಿರುವಾಗ ತೆರೆಯಕೂಡದು.

2. ಚಾಲು ಮಾಡಿದ ನಂತರ ಹೊಗೆ ಗಮನಿಸಿ. ನೀಲಿ ಹೊಗೆ ನಿಲ್ಲದಿದ್ದರೆ ಇಂಜಿನ್ ಎಣ್ಣೆ ಸುಡುತ್ತಿದೆ. ಬಿಳಿ ಹೊಗೆ ಬಹಳ ಹೊತ್ತು ಬಂದರೆ ಸುಡದ ಡೀಸೆಲ್ ಅಥವಾ ನೀರಿನ ಸಂಶಯ. ಕಪ್ಪು ಹೊಗೆಗೆ ಗಾಳಿಯ ಕೊರತೆ ಅಥವಾ ಡೀಸೆಲ್ ಹೆಚ್ಚಾದದ್ದು ಕಾರಣ.

3. ಎಣ್ಣೆ ಹಾಕುವ ಮುಚ್ಚಳದಿಂದ ಹೊಗೆ ರಭಸವಾಗಿ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ.

4. ಕಲ್ಟಿವೇಟರನ್ನು ಮೇಲೆತ್ತಿ ಇಂಜಿನ್ ನಿಲ್ಲಿಸಿರಿ. ಅದು ಬೇಗನೆ ಕುಸಿದರೆ ಹೈಡ್ರಾಲಿಕ್ಕಿಗೆ ಖರ್ಚಿದೆ. ಎತ್ತಿದ ಕಲ್ಟಿವೇಟರಿನ ಕೆಳಗೆ ಯಾರೂ ಹೋಗಬಾರದು.

5. ಹೊಲದಲ್ಲಿ ಅರ್ಧ ಗಂಟೆ ಉತ್ತು ನೋಡಿರಿ. ಭಾರದಲ್ಲಿ ಗೇರ್ ಜಿಗಿಯುವುದು, ಕ್ಲಚ್ ಜಾರುವುದು ಅಂಗಳದಲ್ಲಿ ಗೊತ್ತಾಗದು.

6. ಪಿ.ಟಿ.ಓ. ಶಾಫ್ಟಿಗೆ ಕವಚವಿದೆಯೇ, ಎರಡೂ ಬ್ರೇಕು ಸಮನಾಗಿ ಹಿಡಿಯುತ್ತವೆಯೇ ನೋಡಿ. ತಿರುಗುವ ಶಾಫ್ಟಿಗೆ ಧೋತರ ಅಥವಾ ಸೀರೆಯ ಸೆರಗು ಸಿಕ್ಕಿದರೆ ಬಿಡಿಸಲು ಸಮಯವೇ ಇರುವುದಿಲ್ಲ.

ಕಾಗದಪತ್ರ

ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ನೀವೇ ಹೋಲಿಸಿರಿ. ಬ್ಯಾಂಕಿನ ಸಾಲವಿದ್ದರೆ ತೀರಿದ ಪತ್ರ ಮತ್ತು ನಮೂನೆ 35 ಬೇಕು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ತೆಲಂಗಾಣದ ಗಾಡಿಯಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ ಅವಶ್ಯಕ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಗಾಡಿ ನಡೆಸುವವನಿಗೆ ಪರವಾನಗಿ ಇರಲೇಬೇಕು. ಟ್ರೇಲರಿನಲ್ಲಿ, ಮಡ್‌ಗಾರ್ಡಿನ ಮೇಲೆ ಕೂಲಿಯವರನ್ನು ಕೂರಿಸಬಾರದೆಂದು ಅವನಿಗೆ ಖಂಡಿತವಾಗಿ ಹೇಳಿರಿ. ಅನಾಹುತವಾದರೆ ವಿಮೆಯ ಪರಿಹಾರಕ್ಕೆ ತಕರಾರು ಬರಬಹುದು. ಹೋದ ಜೀವಕ್ಕಂತೂ ಪರಿಹಾರವಿಲ್ಲ.

ನಿಲ್ಲಿಸುವ ಕ್ರಮ

ಊರು ಬಿಡುವ ಮುನ್ನ ಹೀಗೆ ಮಾಡಿರಿ. ಡೀಸೆಲ್ ಟ್ಯಾಂಕ್ ತುಂಬಿಸಿ. ಖಾಲಿ ಟ್ಯಾಂಕಿನಲ್ಲಿ ತೇವ ಸೇರಿ ನೀರಾಗುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಿ. ಕ್ಲಚ್ ಪೆಡಲನ್ನು ಒತ್ತಿ ಕಟ್ಟಿಗೆಯ ತುಂಡು ಕೊಟ್ಟಿಡಿ. ಇಲ್ಲದಿದ್ದರೆ ಪ್ಲೇಟು ಅಂಟಿಕೊಳ್ಳಬಹುದು. ಹೈಡ್ರಾಲಿಕ್ ಕೆಳಗಿಳಿಸಿರಿ. ನಮ್ಮ ಕಡೆಯ ಬಿಸಿಲಿಗೆ ಟಯರು ಸೀಳುತ್ತದೆ. ನೆರಳು ಬೇಕೇ ಬೇಕು. ಹೊಗೆಕೊಳವೆಗೆ ಡಬ್ಬಿ ಮುಚ್ಚಿ, ಇಲಿ ವೈರು ಕಡಿಯದಂತೆ ಸುತ್ತಮುತ್ತ ಮೇವು, ಕಾಳು ಇಡಬೇಡಿ. ಕೀಲಿಕೈ ಇಟ್ಟುಕೊಂಡವರು 15 ದಿನಕ್ಕೊಮ್ಮೆ ಇದನ್ನೆಲ್ಲ ಬಿಚ್ಚಿ, ಎಣ್ಣೆ, ನೀರು ನೋಡಿ, ಅರ್ಧ ಗಂಟೆ ಗಾಡಿ ನಡೆಸಿ, ಗಂಟೆಯನ್ನು ವಹಿಯಲ್ಲಿ ಬರೆದಿಡಲಿ.

ಹೆಚ್ಚಿನ ಮಾಹಿತಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವನ್ನಾಗಲಿ ವಿಚಾರಿಸಬಹುದು. ಪಟ್ಟಣದಲ್ಲಿ ವರ್ಷಗಟ್ಟಲೆ ದುಡಿದು ಕೂಡಿಸಿದ ಹಣ ಇದು. ಆದ್ದರಿಂದ ಮೊದಲು ಗಂಟೆಗಳನ್ನು ಲೆಕ್ಕ ಹಾಕಿರಿ, ಅನಂತರ ನಡೆಸುವ ಮನುಷ್ಯನನ್ನು ಗೊತ್ತುಮಾಡಿರಿ. ಟ್ರ್ಯಾಕ್ಟರ್ ಹುಡುಕುವುದು ಕೊನೆಯ ಕೆಲಸವಾಗಲಿ.