ಎಂಟೂವರೆ ನಿಮಿಷ

ಹೋದ ವಾರ ಭಾವ ಫೋನ್ ಮಾಡಿದ್ದರು. ಅಕ್ಕನ ಮಗ ಗೆಳೆಯರ ಜೊತೆ ಯಾವುದೋ ರಾಕ್ ಕಾನ್ಸರ್ಟಿಗೆ ಹೊರಟಿದ್ದಾನಂತೆ. "ನಿನಗೆ ಅನುಭವ ಇದೆಯಲ್ಲ, ಅವನಿಗೆ ನಾಲ್ಕು ಮಾತು ಹೇಳಪ್ಪ" ಅಂದರು. ಫೋನ್ ಇಟ್ಟ ಮೇಲೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. 2011ರಲ್ಲಿ ಇದೇ ಭಾವ ಆಡಿದ ಮಾತೊಂದು ನನಗೆ ಇನ್ನೂ ಅರಗಿಲ್ಲ.

ಹುಡುಗನಿಗೆ ಹೇಳುವುದು ಅರ್ಧ ನಿಮಿಷದಲ್ಲಿ ಮುಗಿಯಿತು. ಚಪ್ಪಲಿ ಬೇಡ, ಶೂ ಹಾಕು. ಗೇಟಿನ ಹತ್ತಿರ ಹೋಗುವ ಮುಂಚೆ ಹೊಟ್ಟೆ ತುಂಬ ತಿನ್ನು, ನೀರು ಕುಡಿ. ಮುಗಿದ ಮೇಲೆ ಎಲ್ಲಿ ಸೇರಬೇಕು ಅಂತ ಮೊದಲೇ ಗೊತ್ತುಮಾಡಿಕೊ, ಒಳಗೆ ಫೋನ್ ನೆಚ್ಚಬೇಡ. "ಅಷ್ಟೇನಾ ಮಾಮ?" ಅಂದ. ಅಷ್ಟೇ ಅಂದೆ. ಮಿಕ್ಕದ್ದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

2011ರ ಅಕ್ಟೋಬರ್ 30, ಭಾನುವಾರ, ಬೆಂಗಳೂರಿನ ಅರಮನೆ ಮೈದಾನ, ಮೆಟಾಲಿಕಾ. ಗೊತ್ತಿದ್ದವರಿಗೆ ಇಷ್ಟು ಸಾಕು. ಗೊತ್ತಿಲ್ಲದವರು, ಮೂವತ್ತು ವರ್ಷ ಪೂಜೆ ಮಾಡಿದ ದೇವರು ಒಂದು ದಿನ ನಮ್ಮೂರಿಗೇ ಬರುತ್ತೇನೆ ಅಂದರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. 2007ರ ಮಾರ್ಚ್ 17ರಂದು ಇದೇ ಮೈದಾನಕ್ಕೆ ಐರನ್ ಮೇಡನ್ ಬಂದಿದ್ದಾಗ ನಾನು ಪೀಣ್ಯದ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿನಲ್ಲಿ ಲೇತ್ ಮುಂದೆ ನಿಂತಿದ್ದೆ. ರಜ ಕೇಳಿದ್ದೆ, ಸೂಪರ್‌ವೈಸರ್ "ಏನು, ಆರ್ಕೆಸ್ಟ್ರಾನಾ?" ಅಂತ ಕೇಳಿ ಅರ್ಜಿ ವಾಪಸ್ ಕೊಟ್ಟಿದ್ದರು. ಆ ಹೊಟ್ಟೆಯುರಿ ನಾಲ್ಕೂವರೆ ವರ್ಷ ಇತ್ತು. ಈ ಸಲ ಹೋಗುವುದಷ್ಟೇ ಅಲ್ಲ, ಮೊದಲನೇ ಸಾಲು, ಕಬ್ಬಿಣದ ಬ್ಯಾರಿಕೇಡಿಗೆ ಎದೆ ತಾಗಿಸಿ ನಿಲ್ಲುವುದು ಎಂದು ಹಟ ತೊಟ್ಟಿದ್ದೆ. ಮುಂದೆ ಆದದ್ದಕ್ಕೆಲ್ಲ ಮೂಲ ಈ ಹಟವೇ.

ಆರ್ಕುಟ್ ಎಂಬ ಜಾಲತಾಣ ಇದ್ದ ಕಾಲ ಅದು. ಅಲ್ಲಿ ಸಿಕ್ಕಿದ ಇಬ್ಬರ ಜೊತೆ ಮೂರು ವರ್ಷದಿಂದ ದಿನಾ ರಾತ್ರಿ ಹರಟೆ. ಮುಖ ನೋಡಿರಲಿಲ್ಲ. ಒಬ್ಬ ಹುಬ್ಬಳ್ಳಿಯ ಕಡೆಯವನು. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ಹೆಸರನ್ನೇ ತನಗೆ ಇಟ್ಟುಕೊಂಡಿದ್ದ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಅಂತ ಆಮೇಲೆ ಗೊತ್ತಾಗಿ ನಮ್ಮ ಬಾಯಲ್ಲಿ 'ಮಾಸ್ತರ್' ಆದ. ಇನ್ನೊಬ್ಬ ಮಂಗಳೂರಿನವನು, ನೋಯ್ಡಾದಲ್ಲಿ ಕೆಲಸ. ಅವನನ್ನು ಕುಡ್ಲ ಅನ್ನುತ್ತಿದ್ದೆವು. ಹಾಡಿನ ವಿಷಯಕ್ಕೆ ನಾವು ಜಗಳವಾಡದ ದಿನವಿಲ್ಲ. ಬಸ್ ಅಪಘಾತದಲ್ಲಿ 1986ರಲ್ಲಿ ತೀರಿಕೊಂಡ ಮೆಟಾಲಿಕಾದ ಕ್ಲಿಫ್ ಬರ್ಟನ್ ಬದುಕಿದ್ದಿದ್ದರೆ ಬ್ಯಾಂಡ್ ಯಾವ ದಾರಿ ಹಿಡಿಯುತ್ತಿತ್ತು ಎಂಬ ಒಂದೇ ಪ್ರಶ್ನೆಗೆ ಒಂದು ಇಡೀ ಮಳೆಗಾಲ ಕಳೆದಿದ್ದೇವೆ. ಮಾಸ್ತರ್‌ನ ಅಪ್ಪ ಹಾಸಿಗೆ ಹಿಡಿದಿದ್ದರು. ನನಗೆ ಕೆಲಸ ಹೋಗುವ ಭಯ. ಅದೆಲ್ಲ ಹಾಡಿನ ಮಧ್ಯೆ ಒಂದೊಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು.

ಬೆಂಗಳೂರಿನ ಟಿಕೆಟ್ ನಾನು, ಮಾಸ್ತರ್ ತೆಗೆದೆವು. ಕುಡ್ಲ ಗುರಗಾಂವಿನದು ತೆಗೆದ. ಅಲ್ಲಿ ಎರಡು ದಿನ ಮೊದಲು, ಅಕ್ಟೋಬರ್ 28ಕ್ಕೆ, ಇದೇ ಬ್ಯಾಂಡಿನ ಕಾರ್ಯಕ್ರಮ ಇತ್ತು. "ನಿಮಗಿಂತ ಮೊದಲು ನಾನು ನೋಡುವುದು ಮಾರಾಯ" ಅಂತ ತಿಂಗಳುಗಟ್ಟಲೆ ರೇಗಿಸಿದ್ದ. ಗುರಗಾಂವಿನಲ್ಲಿ ಏನಾಯಿತೆಂದು ಪತ್ರಿಕೆ ಓದಿದವರಿಗೆ ನೆನಪಿರಬಹುದು. ಜನ ನುಗ್ಗಿ ಬ್ಯಾರಿಕೇಡ್ ಮುರಿಯಿತು, ಬ್ಯಾಂಡ್ ವೇದಿಕೆ ಹತ್ತಲೇ ಇಲ್ಲ, ನಾಳೆಗೆ ಅಂದರು, ಆಮೇಲೆ ಅದೂ ಇಲ್ಲ ಅಂದರು. ರೊಚ್ಚಿಗೆದ್ದವರು ವೇದಿಕೆ ಏರಿ ಸಿಕ್ಕಿದ್ದನ್ನೆಲ್ಲ ಒಡೆದರು. ರಾತ್ರಿ ಕುಡ್ಲನ ಫೋನ್ ಬಂತು. ಅವನು ಅತ್ತದ್ದನ್ನು ಕೇಳಿದ್ದು ನಾನೊಬ್ಬನೇ ಇರಬೇಕು. ಪೀಣ್ಯದ ನನ್ನ ಸಹೋದ್ಯೋಗಿಯೊಬ್ಬ ಬಳಸದೆ ಇಟ್ಟುಕೊಂಡಿದ್ದ ಟಿಕೆಟನ್ನು ಕಾಡಿ ಬೇಡಿ ಕೊಂಡೆ. ಕುಡ್ಲ ಶನಿವಾರ ರಾತ್ರಿಯ ವಿಮಾನ ಹತ್ತಿದ.

ಈಗ ಭಾವನ ಮಾತಿಗೆ ಬರುತ್ತೇನೆ. ನಾನಾಗ ರಾಜಾಜಿನಗರದಲ್ಲಿ ಅಕ್ಕನ ಮನೆಯಲ್ಲೇ ಇದ್ದೆ. ಮೂರು ದಿನದ ಹಿಂದೆ ಬಲಿಪಾಡ್ಯಮಿ ಆಗಿತ್ತು, ಮನೆಯಲ್ಲಿ ಹಬ್ಬದ ಕಜ್ಜಾಯ ಇನ್ನೂ ಡಬ್ಬಿ ತುಂಬ ಇತ್ತು. "ಇಬ್ಬರು ಗೆಳೆಯರು ಬರ್ತಾರೆ, ಬೆಳಗ್ಗೆ ಸ್ನಾನ ಮಾಡಿ ಒಂದು ಗಳಿಗೆ ಮಲಗಿ ಹೋಗ್ತಾರೆ" ಅಂದೆ. ಭಾವ ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು, "ಎಲ್ಲಿಯ ಗೆಳೆಯರು?" ಹೇಳಿದೆ. "ಕಂಪ್ಯೂಟರಿನಲ್ಲಿ ಸಿಕ್ಕಿದವರನ್ನು ಮನೆಯೊಳಗೆ ಸೇರಿಸೋಕೆ ಇದೇನು ಛತ್ರವಾ?" ಅಂದರು. ಅಕ್ಕ ಅಡುಗೆಮನೆಯಿಂದ ಇಣುಕಿ ಸುಮ್ಮನೆ ಒಳಗೆ ಹೋದಳು. ಮನೆ ಅವರದು, ನಾನು ಏನು ಹೇಳಲಿ?

ಹಾಗಾಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ನಿಂತು ಬಂದ ಮಾಸ್ತರ್ ಮೆಜೆಸ್ಟಿಕ್‌ನಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡಿದ. ಮೊದಲ ಸಲ ನೋಡಿದ್ದು. ನಾನು ಉದ್ದ ಕೂದಲಿನ ಧಡೂತಿಯನ್ನು ನಿರೀಕ್ಷಿಸಿದ್ದೆ. ಎಣ್ಣೆ ಹಾಕಿ ಬೈತಲೆ ತೆಗೆದ, ಕಡ್ಡಿಯಂತಹ ಮನುಷ್ಯ, ಕಪ್ಪು ಟೀ ಶರ್ಟಿನ ಜೇಬಿಲ್ಲದ ಕಡೆಗೆ ಪೆನ್ನು ಸಿಕ್ಕಿಸಲು ಕೈ ಹೋಗುತ್ತಿತ್ತು. "ಏನೋ ತಮ್ಮಾ, ಇಷ್ಟ ಸಣ್ಣಾಂವ ಅದಿ?" ಅಂದ ನನಗೆ. ಮಲಗಲು ಜಾಗವಿಲ್ಲವಲ್ಲ, ಹೊತ್ತು ಕಳೆಯಲು ಮೆಟ್ರೋ ನೋಡೋಣ ಅಂದ. ನಮ್ಮ ಮೆಟ್ರೋ ಶುರುವಾಗಿ ಅಂದಿಗೆ ಹತ್ತು ದಿನ. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಹೋಗಿ ಬಂದೆವು. ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಊರಿಗೆ ಹೋದ ಮೇಲೆ ಮಕ್ಕಳಿಗೆ ಹೇಳಬೇಕಂತೆ. ಊಟ ಮಾಡೋಣ ಅಂದರೆ ನಾನೇ ಅವಸರ ಮಾಡಿದೆ: ತಡವಾದರೆ ಮೊದಲ ಸಾಲು ಹೋಗುತ್ತದೆ, ಬುತ್ತಿ ಹೇಗೂ ಇದೆಯಲ್ಲ.

ಗೇಟಿನಲ್ಲಿ ಅದೂ ಹೋಯಿತು. ಬಾಟಲಿ, ತಿಂಡಿ, ಬೆಲ್ಟು, ಬ್ಯಾಗು ಯಾವುದೂ ಒಳಗಿಲ್ಲ. ಅದು ನಿಯಮ, ಒಪ್ಪುತ್ತೇನೆ. ಆದರೆ ಮಾಸ್ತರ್‌ನ ಅವ್ವ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಶೇಂಗಾ ಉಂಡಿಯನ್ನು ಆ ಕಾವಲುಗಾರ ಬಾಂಬಿನ ಹಾಗೆ ಎರಡು ಬೆರಳಲ್ಲಿ ಹಿಡಿದು ಡ್ರಮ್ಮಿನ ಮೇಲೆ ತೂಗಾಡಿಸಿದ್ದನ್ನು ನಾನು ಮರೆಯುವುದಿಲ್ಲ. "ಎರಡು ನಿಮಿಷ ಕೊಡಿ, ಇಲ್ಲೇ ತಿಂದುಬಿಡ್ತೀವಿ" ಅಂದೆ. ಹಿಂದಿನಿಂದ ಜನ ತಳ್ಳುತ್ತಿದ್ದರು. ಮಾಸ್ತರ್ ಒಂದು ಉಂಡಿ ಬಾಯಿಗಿಟ್ಟುಕೊಂಡ, ಒಂದನ್ನು ನನಗೆ ಕೊಟ್ಟ. ಮಿಕ್ಕದ್ದು ಡ್ರಮ್ಮಿನೊಳಗೆ ಬಿದ್ದ ಸದ್ದು ಕೇಳಿಸಿತು. ಕಾವಲುಗಾರನ ಮುಖದಲ್ಲಿ ಏನೂ ಇರಲಿಲ್ಲ. ಅವನಿಗೂ ಅವತ್ತು ಊಟ ಆಗಿತ್ತೋ ಇಲ್ಲವೋ.

ಒಳಗೆ ಕೆಸರು. ಮಳೆ ಬಿದ್ದ ನೆಲವನ್ನು ಸಾವಿರಾರು ಕಾಲುಗಳು ನಾದಿ ಗದ್ದೆ ಮಾಡಿದ್ದವು. ಇದೇ ಅರಮನೆ ಮೈದಾನದಲ್ಲಿ ಮದುವೆಯೂಟ ಮಾಡಿ ಬೀಡಾ ಹಾಕಿಕೊಂಡು ಬಂದಿದ್ದೇನೆ, ಈ ನೆಲಕ್ಕೆ ಈ ಮುಖವೂ ಇದೆಯೆಂದು ಗೊತ್ತಿರಲಿಲ್ಲ. ಕುಡ್ಲ ಅಲ್ಲೇ ಕಾಯುತ್ತಿದ್ದ. ಮೂವರೂ ಕೈಕೈ ಹಿಡಿದು ಏಡಿಗಳಂತೆ ಅಡ್ಡಡ್ಡ ನುಸುಳಿ ಬ್ಯಾರಿಕೇಡ್ ಮುಟ್ಟಿದೆವು. ಮುಟ್ಟಿದ ಮೇಲೆ ಬಿಡುವಂತಿಲ್ಲ. ನೀರಿನ ಕೌಂಟರ್ ಎಲ್ಲೋ ಹಿಂದೆ, ಅಲ್ಲಿ ಉದ್ದನೆಯ ಸಾಲು. "ಒಂದ್ ಗುಟುಕು ನೀರ್ ಕುಡಕೊಂಡ ಬರ್ತೀನಿ" ಅಂತ ಮಾಸ್ತರ್ ಎರಡು ಸಲ ಅಂದ. ಎರಡು ಸಲವೂ ನಾನು ಬೇಡ ಅಂದೆ. ಹೋದರೆ ಈ ಜಾಗ ಮತ್ತೆ ಸಿಗುವುದಿಲ್ಲ ಅಂದೆ. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಆದರೂ ಊರು ನನ್ನದು ಎಂದು ನನ್ನ ಮಾತು ಕೇಳಿದ.

ಮೆಟಾಲಿಕಾಗಿಂತ ಮೊದಲು ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಬ್ಯಾಂಡಿನವರು ನುಡಿಸಿದರು. ಪಾಪ, ಯಾರಿಗೂ ಅವರ ಮೇಲೆ ಗಮನವಿರಲಿಲ್ಲ. ಕತ್ತಲಾಯಿತು. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಮೈಕಿನ ಮುಂದೆ ಬಂದು ಕಾಲು ಅಗಲಿಸಿ ನಿಂತಾಗ ಕುಡ್ಲ ನನ್ನ ಭುಜ ಕಚ್ಚಿದ. ಉತ್ಪ್ರೇಕ್ಷೆಯಲ್ಲ, ಗುರುತು ನಾಲ್ಕು ದಿನ ಇತ್ತು. ಹಿಂದಿನವರ ಭಾರವೆಲ್ಲ ಪಕ್ಕೆಲುಬಿನ ಮೇಲೆ. ಉಸಿರು ನಮ್ಮ ಇಚ್ಛೆಯಂತಲ್ಲ, ಗುಂಪು ಹಿಂದಕ್ಕೆ ಹೊಯ್ದಾಡಿದಾಗ ಎಳೆದುಕೊಳ್ಳಬೇಕು, ಮುಂದಕ್ಕೆ ಬಂದಾಗ ಬಿಡಬೇಕು. ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ಆದರೆ ಆ ನೂಕಾಟಕ್ಕೂ ಒಂದು ಕಟ್ಟುಪಾಡಿದೆ. ಯಾರಾದರೂ ಕೆಳಗೆ ಬಿದ್ದರೆ ಸುತ್ತಲಿನವರು ಕುಣಿತ ನಿಲ್ಲಿಸಿ ಮೊದಲು ಎತ್ತಬೇಕು. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಆರ್ಕುಟ್‌ನಲ್ಲಿ ಹೊಸಬರಿಗೆ ಈ ಪಾಠ ಮಾಡುತ್ತಿದ್ದವನು ನಾನೇ.

'ಒನ್' ಹಾಡು ಶುರುವಾಗುವ ಮುಂಚೆ ದೀಪವೆಲ್ಲ ಆರುತ್ತದೆ, ಗುಂಡಿನ ಸದ್ದು, ಯುದ್ಧದ ಸದ್ದು. ಕೈಕಾಲು, ಕಣ್ಣು, ಕಿವಿ ಎಲ್ಲ ಕಳೆದುಕೊಂಡ ಸೈನಿಕನೊಬ್ಬನ ಹಾಡು ಅದು. ಹಾಡಿನ ಕೊನೆಗೆ ಬೆಳಕು ಮಿಂಚಿನಂತೆ ಹೊಡೆಯುತ್ತಿದ್ದಾಗ ಎಡಕ್ಕೆ ನೋಡಿದೆ. ಮಾಸ್ತರ್‌ನ ತಲೆ ನನ್ನ ತೋಳಿನ ಮೇಲಿತ್ತು. ತಾಳಕ್ಕೆ ತಲೆ ಹಾಕುತ್ತಿದ್ದಾನೆ ಅಂದುಕೊಂಡೆ. ಮುಂದಿನ ಮಿಂಚಿನಲ್ಲಿ ನೋಡಿದರೆ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ತುಟಿ ಬೂದಿಯ ಬಣ್ಣ. ಅವನು ಬಿದ್ದಿರಲಿಲ್ಲ, ಬೀಳಲು ಜಾಗವೇ ಇರಲಿಲ್ಲ. ಗುಂಪೇ ಅವನನ್ನು ನಿಲ್ಲಿಸಿಕೊಂಡಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದನೋ.

ಕುಡ್ಲ ಕಂಕುಳಿಗೆ ಕೈ ಹಾಕಿ ಎತ್ತಿದ, ಹಿಂದಿನ ಇಬ್ಬರು ಕಾಲು ಹಿಡಿದರು. ಬ್ಯಾರಿಕೇಡಿನ ಆಚೆ ನಿಂತಿದ್ದ ಸೆಕ್ಯುರಿಟಿಯವರು ಎಳೆದುಕೊಂಡರು. ಮಾಸ್ತರ್‌ನ ಒಂದು ಶೂ ಕೆಸರಿನಲ್ಲೇ ಉಳಿಯಿತು. ಅವರಲ್ಲೊಬ್ಬ ನಮ್ಮ ಕಡೆ ತಿರುಗಿ ಕೈಸನ್ನೆಯಲ್ಲಿ ಕೇಳಿದ: ಜೊತೆಗೆ ಒಬ್ಬರು ಬನ್ನಿ. ಆಚೆ ಹಾರಿದರೆ ಮತ್ತೆ ಈಚೆ ಬರುವಂತಿಲ್ಲ ಎಂದು ನನಗೂ ಗೊತ್ತಿತ್ತು, ಕುಡ್ಲನಿಗೂ ಗೊತ್ತಿತ್ತು. ಅವನು ನನ್ನ ಮುಖ ನೋಡಿದ. ಮಾಸ್ತರ್‌ನನ್ನು ಕರೆಸಿದವನು ನಾನು, ಉಪವಾಸ ಕೆಡವಿದವನು ನಾನು, ನೀರಿಗೆ ಬಿಡದವನು ನಾನು. ನನ್ನ ಎರಡೂ ಕೈ ಕಬ್ಬಿಣದ ಮೇಲಿದ್ದವು. ತೆಗೆಯಲಿಲ್ಲ. ಒಂದು ಕಾರ್ಯಕ್ರಮ ಎರಡು ದಿನದ ಹಿಂದಷ್ಟೇ ಕಳೆದುಕೊಂಡು ಬಂದಿದ್ದ ಕುಡ್ಲ, "ನೀನು ನೋಡು ಮಾರಾಯ" ಅಂತ ನನ್ನ ಕಿವಿಯಲ್ಲಿ ಕಿರುಚಿ ಹಾರಿಬಿಟ್ಟ.

ಮರುಗಳಿಗೆಗೆ 'ಮಾಸ್ಟರ್ ಆಫ್ ಪಪೆಟ್ಸ್' ಶುರುವಾಯಿತು.

ಎಂಟೂವರೆ ನಿಮಿಷದ ಹಾಡು. ನಡುವೆ ಅಬ್ಬರವೆಲ್ಲ ಇಳಿದು ಎರಡು ಗಿಟಾರು ಮೆಲ್ಲಗೆ ಜೊತೆಯಾಗಿ ನುಡಿಯುವ ಒಂದು ಜಾಗವಿದೆ. ಅಲ್ಲಿ ಮಾತಿಲ್ಲದ ಆ ರಾಗವನ್ನು ಇಡೀ ಮೈದಾನ ಗುನುಗುತ್ತದೆ. ನಾನೂ ಗುನುಗಿದೆ. ಗಂಟಲು ಕಟ್ಟಿತ್ತು. ಭಕ್ತಿಯಿಂದಲೋ ನಾಚಿಕೆಯಿಂದಲೋ ಈಗ ಹೇಳಿದರೆ ಸುಳ್ಳಾದೀತು. ಈ ಹಾಡು ಮುಗಿದ ಕೂಡಲೇ ಹೋಗುತ್ತೇನೆ ಅಂದುಕೊಂಡೆ. ಆಮೇಲೆ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಬಂತು, 'ಎಂಟರ್ ಸ್ಯಾಂಡ್‌ಮನ್' ಬಂತು. ಗುಂಪಿನಲ್ಲಿ ಅಲುಗಾಡುವುದಕ್ಕೂ ಆಗುತ್ತಿರಲಿಲ್ಲ ಎಂದು ಮುಂದೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆಗುತ್ತಿತ್ತು. ಬ್ಯಾರಿಕೇಡ್ ಎದುರಿಗೇ ಇತ್ತಲ್ಲ.

ದೀಪ ಹಾಕಿದ ಮೇಲೆ ಪ್ರಥಮ ಚಿಕಿತ್ಸೆಯ ಟೆಂಟು ಹುಡುಕಿಕೊಂಡು ಹೋದೆ. ಮಾಸ್ತರ್ ಕಬ್ಬಿಣದ ಮಂಚದ ಮೇಲೆ ಕೂತು ಗ್ಲೂಕೋಸ್ ಕಲಸಿದ ನೀರು ಕುಡಿಯುತ್ತಿದ್ದ. ಕಾಲಿಗೆ ಕುಡ್ಲನ ಶೂ, ಕುಡ್ಲ ಬರಿಗಾಲಿನಲ್ಲಿ. ಎಚ್ಚರ ಬಂದ ಕೂಡಲೇ ಅವನು ಕೇಳಿದ್ದು ಯಾವ ಹಾಡು ನಡೆಯುತ್ತಿದೆ ಅಂತಂತೆ. ಅವನದೇ ಹಾಡು. ಏಳಲು ಬಿಡಲಿಲ್ಲವಂತೆ, ಮಲಗಿಕೊಂಡೇ ಎರಡು ಬೆರಳಿನಲ್ಲಿ ಮಂಚದ ಕಂಬಿಯ ಮೇಲೆ ಪೂರ್ತಿ ತಾಳ ಹಾಕಿದನಂತೆ. ನನ್ನನ್ನು ನೋಡಿ, "ಹೆಂಗಿತ್ತೋ ತಮ್ಮಾ?" ಅಂದ. "ಸೌಂಡ್ ಅಷ್ಟು ಸರಿ ಇರಲಿಲ್ಲ" ಅಂದೆ.

ಆಟೋದವರು ಮೀಟರಿನ ಮಾತೇ ಎತ್ತಲಿಲ್ಲ. ಮೂವರೂ ಮೇಖ್ರಿ ಸರ್ಕಲ್ ಕಡೆಗೆ ನಡೆದೆವು. ಬೆಳಗಿನ ಜಾವ ಮೆಜೆಸ್ಟಿಕ್ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ ತಿನ್ನುವಾಗ ಮಾಸ್ತರ್ ಎಂಟು ಇಡ್ಲಿ ತಿಂದ. ಲೆಕ್ಕ ಹಾಕಿ ದುಡ್ಡು ಕೊಟ್ಟವನೂ ಅವನೇ, ನನ್ನ ಜೇಬಿಗೆ ಕೈ ಹಾಕಲು ಬಿಡಲಿಲ್ಲ.

2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ನಾವು ಮೂವರು ವಾಟ್ಸಾಪಿಗೆ ಬಂದೆವು. ಮಾಸ್ತರ್‌ನ ಮಗಳು ಈಗ ಗಿಟಾರ್ ಕಲಿಯುತ್ತಾಳೆ. ಕುಡ್ಲ ಊರಿಗೆ ವಾಪಸಾಗಿದ್ದಾನೆ. ಆ ರಾತ್ರಿ ಬ್ಯಾರಿಕೇಡಿನಲ್ಲಿ ಯಾರು ಯಾರ ಮುಖ ನೋಡಿದರು ಎಂಬುದನ್ನು ಅವನು ಮಾಸ್ತರ್‌ಗೆ ಇವತ್ತಿನವರೆಗೆ ಹೇಳಿಲ್ಲ. ನಾನೂ ಹೇಳಿರಲಿಲ್ಲ. ಈ ಲೇಖನ ಅಚ್ಚಾದರೆ ಕತ್ತರಿಸಿ ಹುಬ್ಬಳ್ಳಿಗೆ ಕಳಿಸುತ್ತೇನೆ.

ಕುಡ್ಲ ತನ್ನ ಮನೆಯಲ್ಲಿ ಎರಡು ಟಿಕೆಟ್ಟುಗಳನ್ನು ಒಂದೇ ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ, ಗುರಗಾಂವಿನದೊಂದು, ಬೆಂಗಳೂರಿನದೊಂದು. ಗೇಟಿನಲ್ಲಿ ಎರಡರ ತುದಿಯನ್ನೂ ಹರಿದಿದ್ದಾರೆ.