ಕಣ್ಣೀರು, ಜೊಲ್ಲು ಅಳೆಸಿಕೊಳ್ಳಲು ಬರುವವರ ಗಮನಕ್ಕೆ

ಕಣ್ಣಿಗೊಂದು ಕಾಗದದ ಪಟ್ಟಿ, ಬಾಯಿಗೊಂದು ಲೋಟ, ಎದುರಿಗೊಂದು ಗಡಿಯಾರ. ಸೂಜಿ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಇಷ್ಟು ಸರಳವಾದ ಪರೀಕ್ಷೆ ಕೆಡುವುದೂ ಅಷ್ಟೇ ಸುಲಭ, ಅದಕ್ಕೇ ಈ ಸೂಚನೆ.

ಮಾಡಬೇಕಾದ್ದು

ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಚೀಟಿಯ ಸಮೇತ ತನ್ನಿ. ಶೀತ, ಅಲರ್ಜಿಗೆ ಕೊಡುವ ಮಾತ್ರೆ, ಖಿನ್ನತೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇವುಗಳಲ್ಲಿ ಹಲವು ಬಾಯಿ ಒಣಗಿಸುತ್ತವೆ. ‘ಚಿಕ್ಕದು, ಬಿಳಿ ಬಣ್ಣದ್ದು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಬನ್ನಿ. ಕಾಡಿಗೆ ಬೇಡ.

ಕಣ್ಣಿನ ಪಟ್ಟಿಯ ಅಗಲ 5 ಮಿ.ಮೀ., ಉದ್ದ 35 ಮಿ.ಮೀ. ಜರ್ಮನಿಯ ಕಣ್ಣಿನ ವೈದ್ಯ ಓಟೋ ಶಿರ್ಮರ್ 1903ರಲ್ಲಿ ತಿಳಿಸಿದ ಉಪಾಯ. ಇಂದಿಗೂ ಅದೇ ನಡೆಯುತ್ತಿದೆ. ಕೆಳರೆಪ್ಪೆಯ ಹೊರ ಅಂಚಿಗೆ ಅದನ್ನು ಸಿಕ್ಕಿಸಿದ ಮೇಲೆ ಕಣ್ಣನ್ನು ಹಗುರವಾಗಿ ಮುಚ್ಚಿ 5 ನಿಮಿಷ ಕುಳಿತಿರಿ. ಧೂಳು ಬಿದ್ದ ಹಾಗೆ ಚುಚ್ಚುತ್ತದೆ. ಸಹಿಸಿಕೊಳ್ಳಿ.

ಲೋಟದ ಪರೀಕ್ಷೆಗೆ 15 ನಿಮಿಷ. ತಲೆ ಸ್ವಲ್ಪ ಬಗ್ಗಿಸಿ, ಬಾಯಲ್ಲಿ ತಾನಾಗಿ ಸೇರಿದ್ದನ್ನು ಆಗಾಗ ಲೋಟಕ್ಕೆ ಬಿಡಿ. ನಾಚಿಕೊಂಡು ನುಂಗಿದರೆ ಅಳತೆ ತಪ್ಪುತ್ತದೆ.

ಮಾಡಬಾರದ್ದು

ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಕಾಫಿ, ತಿಂಡಿ, ಬೀಡಿ, ಚೂಯಿಂಗ್ ಗಮ್ ಯಾವುದೂ ಕೂಡದು. ಹಲ್ಲುಜ್ಜುವುದೂ ಬೇಡ. ಎಲೆ ಅಡಿಕೆಯಂತೂ ಸುತರಾಂ ಬೇಡ: ಅಗಿದರೆ ಜೊಲ್ಲು ಉಕ್ಕುತ್ತದೆ, ನಮಗೆ ಬೇಕಿರುವುದು ಸುಮ್ಮನಿದ್ದಾಗಿನ ಲೆಕ್ಕ. ಜೊತೆಗೆ ಬಂದವರು ಪಕ್ಕದಲ್ಲಿ ಕುಳಿತು ಮಾವಿನಮಿಡಿ ಉಪ್ಪಿನಕಾಯಿಯ ಮಾತು ತೆಗೆಯಬಾರದು. ತಮಾಷೆಗೆ ಹೇಳುತ್ತಿಲ್ಲ.

‘ಕಣ್ಣು ಮರಗಟ್ಟುವ ಹನಿ ಹಾಕಿಬಿಡಿ’ ಎಂದು ಕೇಳಬೇಡಿ. ಹನಿ ಹಾಕಿದರೆ ಕಣ್ಣೀರು ಕಡಿಮೆ ಬಂದು ಲೆಕ್ಕವೇ ಬೇರೆಯಾಗುತ್ತದೆ. ಫ್ಯಾನಿನ ಕೆಳಗೆ ಕೂರಬೇಡಿ, ಕಣ್ಣು ಉಜ್ಜಬೇಡಿ, ಪಟ್ಟಿಯನ್ನು ನೀವೇ ಎಳೆಯಬೇಡಿ.

ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಬಾಯಿ ಒಣಗಿತೆಂದು ಬಿಪಿ ಮಾತ್ರೆ ಬಿಟ್ಟು ಬರುವವರಿದ್ದಾರೆ. ಅದು ಶುದ್ಧ ಅವಿವೇಕ.

ಅಂಕಿ ಕಂಡ ಕೂಡಲೇ ಫೋನಿನಲ್ಲಿ ರೋಗ ಹುಡುಕಬೇಡಿ. ಪಟ್ಟಿ 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ನೆನೆದರೆ, ಲೋಟದಲ್ಲಿ 1.5 ಮಿ.ಲೀ.ಗಿಂತ ಹೆಚ್ಚು ಸೇರದಿದ್ದರೆ, ಕಣ್ಣೀರೂ ಜೊಲ್ಲೂ ಸಾಲದು ಎಂದಷ್ಟೇ ಅರ್ಥ. ಕಾರಣ ವಯಸ್ಸಿರಬಹುದು, ಮಾತ್ರೆ ಇರಬಹುದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರನ್ ಕಾಯಿಲೆಯೂ ಇರಬಹುದು. ಆ ಕಾಯಿಲೆ ಎನ್ನಲು 2016ರ ಮಾನದಂಡದಲ್ಲಿ 4 ಅಂಕ ಬೇಕು. ಪಟ್ಟಿಗೆ 1, ಲೋಟಕ್ಕೆ 1. ರಕ್ತದಲ್ಲಿನ ರೋ ಪ್ರತಿಕಾಯಕ್ಕೆ 3, ತುಟಿಯ ಒಳಗಿನ ಚೂರು ತೆಗೆದು ನೋಡುವ ಬಯಾಪ್ಸಿಗೆ 3. ಪಟ್ಟಿ, ಲೋಟ ಎರಡರಲ್ಲೂ ಸೋತರೂ ನಿಮ್ಮದು 2 ಮಾತ್ರ.

ಕೊನೆಯಲ್ಲಿ ಕಣ್ಣಿಗೆ ಬಣ್ಣ ಹಾಕಿ ನೋಡುತ್ತಾರೆ. ಆಮೇಲೆ ಕರವಸ್ತ್ರ ಹಳದಿಯಾದರೆ ಹೆದರಬೇಡಿ, ಮೂಗಿನಿಂದ ಇಳಿಯುವುದು ಆ ಬಣ್ಣವೇ. ನೀರಿನ ಬಾಟಲಿ ತಂದಿರಿ. ಲೋಟ ಕೈಬಿಟ್ಟ ಮೇಲೆ ಧಾರಾಳವಾಗಿ ಕುಡಿಯಬಹುದು.