ಅಂಬಾಸಡರ್ ಮತ್ತು ಫಿಯೆಟ್: ಒಂದು ಹೋಲಿಕೆ

ಸಾಲ್ಟ್ ಲೇಕಿನ ನಮ್ಮ ವಾಚಕರಲ್ಲಿ ಕೆಲವರು ಮೊದಲು ಮುಂಬಯಿಯಲ್ಲಿ ದುಡಿದು ಇಲ್ಲಿಗೆ ಬಂದವರು. ಅಲ್ಲಿ ಬಹುಕಾಲ ಟ್ಯಾಕ್ಸಿಯೆಂದರೆ ಫಿಯೆಟ್. ಇಲ್ಲಿ ಬಹುಕಾಲ ಟ್ಯಾಕ್ಸಿಯೆಂದರೆ ಹಳದಿ ಅಂಬಾಸಡರ್ ಆಗಿತ್ತು. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಮೊದಲು ಹುಟ್ಟು. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯಿಂದ ಬಂದುದು. ಹಿಂದುಸ್ತಾನ್ ಮೋಟರ್ಸ್ ಕಂಪೆನಿಯು 1957ರಲ್ಲಿ ಅದನ್ನು ಹೂಗ್ಲಿಯ ಪಶ್ಚಿಮ ದಡದ ಉತ್ತರಪಾಡಾದಲ್ಲಿ ತಯಾರಿಸತೊಡಗಿತು. ಇಟಲಿಯ ಫಿಯೆಟ್ 1100 ಗಾಡಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸಿದುದು, ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿ. ನಮಗೆ ಪರಿಚಿತವಾದ ಮಾದರಿ ಬಂದುದು 1964ರಲ್ಲಿ; 1970ರ ದಶಕದಲ್ಲಿ ಅದಕ್ಕೆ ‘ಪದ್ಮಿನಿ’ ಎಂದು ಹೆಸರಾಯಿತು.

ಇನ್ನು ಅಳತೆ. ಅಂಬಾಸಡರಿನ ಉದ್ದ ಸುಮಾರು 4.3 ಮೀಟರು, ಬಹುಕಾಲ ನಡೆದ ಪೆಟ್ರೋಲ್ ಎಂಜಿನ್ 1489 ಸಿ.ಸಿ. ಫಿಯೆಟ್ಟಿನದು 3.9 ಮೀಟರು, 1089 ಸಿ.ಸಿ. ಎರಡರಲ್ಲಿಯೂ ಎಂಜಿನ್ ಮುಂದೆ; ಎಳೆತ ಹಿಂದಿನ ಗಾಲಿಗಳಿಗೆ. ದೊಡ್ಡದು ಹೌರಾ ನಿಲ್ದಾಣದಿಂದ ಸಂಸಾರವನ್ನೂ ಪೆಟ್ಟಿಗೆಗಳನ್ನೂ ಒಮ್ಮೆಗೇ ಹೊತ್ತು ತರಲು ಅನುಕೂಲ. ಚಿಕ್ಕದು ಇಕ್ಕಟ್ಟಾದ ಗಲ್ಲಿಯಲ್ಲಿ ಸುಲಭವಾಗಿ ತಿರುಗುವುದು. ಆದುದರಿಂದ ‘ಯಾವ ಕೆಲಸಕ್ಕೆ?’ ಎಂದು ಕೇಳದೆ ಮೇಲುಕೀಳು ಹೇಳುವುದು ಸರಿಯಲ್ಲ.

ಗುಣದೋಷಗಳಲ್ಲಿ ಮಾತ್ರ ಇವು ಒಡಹುಟ್ಟಿದವು. ಬೀದಿಬದಿಯ ಮೇಸ್ತ್ರಿಯೂ ಸ್ಪ್ಯಾನರು ಹಿಡಿದು ಇವನ್ನು ರಿಪೇರಿ ಮಾಡಬಲ್ಲನು. ಎಷ್ಟೋ ಮನೆಗಳ ಒಲೆ ಇದರಿಂದ ಉರಿಯಿತು. ಆದರೆ 1950ರ ದಶಕದಿಂದ ಸರಕಾರದ ಕಟ್ಟುಪಾಡುಗಳಿಂದಾಗಿ ಪೈಪೋಟಿ ಕಡಮೆ. ಕೊಳ್ಳುವವರು ವರ್ಷಗಟ್ಟಲೆ ಕಾಯುತ್ತಿದ್ದರು. ಸುಧಾರಿಸಬೇಕೆಂಬ ಒತ್ತಾಯ ಕಂಪೆನಿಗಳಿಗೆ ಇರಲಿಲ್ಲ. 1983ರಲ್ಲಿ ಮಾರುತಿ ಬಂದಿತು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. 2014ರ ಮೇ 24ರಂದು ಉತ್ತರಪಾಡಾದಲ್ಲಿಯೂ ಕೆಲಸ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು.

2017ರಲ್ಲಿ ‘ಅಂಬಾಸಡರ್’ ಎಂಬ ಹೆಸರನ್ನು ಪ್ಯೂಜೋ ಕಂಪೆನಿ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರಿಗೆ ಬೆಲೆ ಬಂದಿತು. ಗಾಡಿ ಮಾಡಿದ ಕೈಗಳಿಗೆ ಕೆಲಸ ಬರಲಿಲ್ಲ. ಕಾರ್ಖಾನೆಯಲ್ಲಾಗಲಿ ಆಫೀಸಿನಲ್ಲಾಗಲಿ ಸಂಬಳಕ್ಕೆ ದುಡಿಯುವ ನಾವು ಇದನ್ನು ಮರೆಯಬಾರದು. ಕೈಯಲ್ಲಿರುವ ಕಸುಬಿಗೆ ಬೇಡಿಕೆ ಇರುವಾಗಲೇ ಇನ್ನೊಂದನ್ನು ಕಲಿಯತೊಡಗುವುದು ಲೇಸು.